20 ಬೆಂಕಿಕಡ್ಡಿ, 4 ಸೀಟು

9 ನವೆಂಬರ್ 2025, ಭಾನುವಾರ

ಪರೀಕ್ಷೆಗೆ ಓದುತ್ತಿದ್ದ ಮಗಳು ಮಧ್ಯಾಹ್ನ ಪುಸ್ತಕ ಮಡಚಿಟ್ಟು ಕೇಳಿದಳು: "ಅಪ್ಪಾ, ಜಪಾನಿನಲ್ಲಿ ಒಂದೇ ಪಕ್ಷದವರು ಚುನಾವಣೇಲಿ ಒಬ್ಬರಿಗೊಬ್ಬರು ಎದುರಾಳಿ ಆಗ್ತಿದ್ರಂತೆ. ಅಷ್ಟು ಅಧಿಕಾರದಾಹಾನಾ ಅವರಿಗೆ?"

ಪೊಟ್ಟಣದಿಂದ 20 ಬೆಂಕಿಕಡ್ಡಿ ಎಣಿಸಿ ಮೇಜಿನ ಮೇಲಿಟ್ಟೆ. ಒಂದು ಕಡ್ಡಿ ಅಂದರೆ ಸಾವಿರ ಓಟು. 1993ರ ಚುನಾವಣೆಯವರೆಗೂ ಅಲ್ಲಿನ ಕೆಳಮನೆಯ ಹೆಚ್ಚಿನ ಕ್ಷೇತ್ರಗಳಿಂದ ಮೂರರಿಂದ ಐದು ಮಂದಿ ಆರಿಸಿ ಬರುತ್ತಿದ್ದರು. ಮತದಾರನಿಗೆ ಮಾತ್ರ ಒಂದೇ ಓಟು, ಅದೂ ಪಕ್ಷಕ್ಕಲ್ಲ, ವ್ಯಕ್ತಿಗೆ. ನಮ್ಮ ಮೇಜಿನ ಕ್ಷೇತ್ರಕ್ಕೆ 4 ಸೀಟು ಇಟ್ಟುಕೊಂಡೆವು: ಹೆಚ್ಚು ಓಟು ಪಡೆದ ಮೊದಲ ನಾಲ್ವರು ಗೆದ್ದ ಹಾಗೆ. ದೊಡ್ಡ ಪಕ್ಷಕ್ಕೆ 12 ಕಡ್ಡಿ, ಮೂವರು ಅಭ್ಯರ್ಥಿಗಳು. ಎದುರಿನ ಇಬ್ಬರಿಗೆ 5 ಮತ್ತು 3.

ಆ 12 ಕಡ್ಡಿ 4, 4, 4 ಎಂದು ಹಂಚಿಹೋದರೆ ಮೂವರೂ ಗೆದ್ದರು. ಮಗಳು ಒಬ್ಬನನ್ನು ಜನಪ್ರಿಯ ಮಾಡಿ 9, 2, 1 ಎಂದು ಜೋಡಿಸಿದಳು. ಈಗ ಗೆದ್ದವರು 9, 5, 3, 2. ಓಟು ಅಷ್ಟೇ ಇದ್ದರೂ ಪಕ್ಷಕ್ಕೆ ಒಂದು ಸೀಟು ಕಡಿಮೆ! ಅವಳು ಆ ಒಂಟಿ ಕಡ್ಡಿಯನ್ನು ಬೆರಳಲ್ಲಿ ಹಿಡಿದು, "ಇವನನ್ನು ಸೋಲಿಸಿದ್ದು ಎದುರಾಳಿ ಅಲ್ಲ, ಇವನ ಪಕ್ಷದವನೇ" ಅಂದಳು.

ಅದೇ ವಿಷಯ. ಆ ಅಭ್ಯರ್ಥಿ ಪಕ್ಷದ ಪ್ರಣಾಳಿಕೆ ಹಿಡಿದು ಓಟು ಕೇಳುವುದು ಹೇಗೆ? ಪಕ್ಕದವನ ಕೈಯಲ್ಲೂ ಅದೇ ಪ್ರಣಾಳಿಕೆ ಇದೆ. ಹಾಗಾಗಿ ಅವನು ಮದುವೆಗೆ ಹೋಗಬೇಕು, ಸಾವಿನ ಮನೆಗೆ ಹೋಗಬೇಕು, ಊರಿಗೆ ರಸ್ತೆ ತರಬೇಕು, 'ಕೋಎನ್‌ಕಾಯ್' ಎಂಬ ಸ್ವಂತ ಬೆಂಬಲಿಗರ ಕೂಟ ಸಾಕಬೇಕು. ಇದಕ್ಕೆಲ್ಲ ದುಡ್ಡು ಬೇಕು. ದುಡ್ಡಿಗೆ ಪಕ್ಷದೊಳಗಿನ ಬಣದ ನಾಯಕನ ಆಸರೆ ಬೇಕು. ಜಪಾನನ್ನು ಬಹುಕಾಲ ಆಳಿದ ಲಿಬರಲ್ ಡೆಮಾಕ್ರಟಿಕ್ ಪಕ್ಷದ ಬಣಗಳು ಅಷ್ಟು ಬಲಿತದ್ದರಲ್ಲಿ ಈ ಎಣಿಕೆಯ ಪಾಲು ದೊಡ್ಡದು. 1994ರಲ್ಲಿ ಪದ್ಧತಿ ಬದಲಾಯಿತು: 300 ಏಕಸದಸ್ಯ ಕ್ಷೇತ್ರ, ಪಕ್ಷದ ಪಟ್ಟಿಯಿಂದ 200 ಸ್ಥಾನ. ಬಣಗಳ ಬಿಗಿ ಸಡಿಲಿತು, ಟಿಕೆಟ್ ಕೊಡುವ ಪಕ್ಷದ ಅಧ್ಯಕ್ಷನ ಕೈ ಮೇಲಾಯಿತು. ಕೋಎನ್‌ಕಾಯ್‌ಗಳು ಮಾತ್ರ ಪೂರ್ತಿ ಅಳಿಯಲಿಲ್ಲ. ನಿಯಮ ಒಂದು ದಿನದಲ್ಲಿ ಬದಲಾದೀತು, ರೂಢಿಗೆ ಒಂದು ತಲೆಮಾರು ಬೇಕು.

ಇದಕ್ಕೆ ತದ್ವಿರುದ್ಧ ಇಸ್ರೇಲ್. ಇಡೀ ದೇಶವೇ ಒಂದು ಕ್ಷೇತ್ರ, 120 ಸ್ಥಾನ, ಮತದಾರ ಆರಿಸುವುದು ಪಕ್ಷದ ಪಟ್ಟಿಯನ್ನು. ಅಲ್ಲಿ ಸದಸ್ಯನ ಹಣೆಬರಹ ಪಟ್ಟಿಯಲ್ಲಿ ಅವನ ಹೆಸರು ಎಷ್ಟನೆಯದು ಎಂಬುದರಲ್ಲಿದೆ. ಆ ಕ್ರಮಾಂಕ ಯಾರ ಕೈಯಲ್ಲಿದೆಯೋ ಅವನ ಕಣ್ಣು ಅವರ ಕಡೆಗೇ.

ಶಾಸಕರ ನಡತೆಯನ್ನು ನಾವು ಬರೀ ಅವರ ಗುಣಕ್ಕೆ ಕಟ್ಟಿಬಿಡುತ್ತೇವೆ. ನನಗದು ಅರ್ಧ ನ್ಯಾಯ ಅನಿಸುತ್ತದೆ. ಯಾರನ್ನು ಮೆಚ್ಚಿಸಿದರೆ ಸೀಟು ಉಳಿಯುತ್ತದೋ ಅವರ ಮುಂದೆ ಒಳ್ಳೆಯವನೂ ಬಾಗುತ್ತಾನೆ.

ಮತದಾರನ ಪಾಡೂ ಬೇರೆಯಲ್ಲ. ನ್ಯೂಜಿಲೆಂಡಿನಲ್ಲಿ ಆಗ ನಮ್ಮಲ್ಲಿಯ ಹಾಗೆ ಕ್ಷೇತ್ರಕ್ಕೊಬ್ಬನೇ ಗೆಲ್ಲುವ ಪದ್ಧತಿ; 1981ರಲ್ಲಿ ಅಲ್ಲಿನ ಸೋಷಿಯಲ್ ಕ್ರೆಡಿಟ್ ಎಂಬ ಸಣ್ಣ ಪಕ್ಷಕ್ಕೆ ಶೇ. 20.7 ಓಟು ಬಂತು, 92ರಲ್ಲಿ ಸಿಕ್ಕಿದ್ದು 2 ಸೀಟು. ಐದರಲ್ಲೊಬ್ಬರು ಹೇಳಿದ ಮಾತು ಸದನದ ಬಾಗಿಲಲ್ಲೇ ನಿಂತುಹೋಯಿತಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಅದೇ ಚುನಾವಣೆಯಲ್ಲಿ ಲೇಬರ್ ಪಕ್ಷ ಹೆಚ್ಚು ಓಟು ಪಡೆದೂ ಸೋತಿತ್ತು, 1978ರಲ್ಲೂ ಹಾಗೆಯೇ. 1993ರ ಜನಮತಗಣನೆಯಲ್ಲಿ ಜನ ಪದ್ಧತಿಯನ್ನೇ ಬದಲಿಸಿದರು, ಪಕ್ಷಕ್ಕೆ ಬಿದ್ದ ಓಟಿನ ಪಾಲಿಗೆ ತಕ್ಕಷ್ಟು ಸೀಟು ಸಿಗುವ ಹಾಗೆ. ಹೊಸ ಪದ್ಧತಿಯಲ್ಲಿ ಮೊದಲ ಚುನಾವಣೆ ನಡೆದದ್ದು 1996ರಲ್ಲಿ. ಅಲ್ಲಿಂದ 2020ರವರೆಗೆ ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಬರಲಿಲ್ಲ, ಕೂತು ಮಾತಾಡಿಯೇ ಸರ್ಕಾರ ಕಟ್ಟಬೇಕಾಯಿತು.

"ಗೆದ್ದವರು ತಮಗೆ ಬೇಕಾದ ಹಾಗೆ ನಿಯಮ ತಿದ್ದಿಕೊಂಡರೆ?" ಮಗಳ ಮುಂದಿನ ಪ್ರಶ್ನೆ. ಐರ್ಲೆಂಡಿನ ಕಥೆ ಹೇಳಿದೆ. ಅಲ್ಲಿ ಮತದಾರ 1, 2, 3 ಎಂದು ಆದ್ಯತೆ ಬರೆಯುತ್ತಾನೆ. ಆಡಳಿತದಲ್ಲಿದ್ದ ಫಿಯಾನಾ ಫಾಲ್ ಪಕ್ಷ ಅದನ್ನು ತೆಗೆದುಹಾಕಲು 1959ರಲ್ಲಿ ಒಮ್ಮೆ, 1968ರಲ್ಲಿ ಇನ್ನೊಮ್ಮೆ ಜನರ ಮುಂದೆ ಹೋಯಿತು. ಎರಡು ಸಲವೂ ಜನ ಬೇಡ ಅಂದರು.

ಅವಳು ಕಡ್ಡಿಗಳನ್ನು ಮತ್ತೆ ಗುಡ್ಡೆ ಮಾಡಿದಳು. "ಸರಿ, ಈಗ ಆದ್ಯತೆ ಓಟು ಎಣಿಸೋಣ."