ಮೀನಿನ ತೊಟ್ಟಿಯಲ್ಲಿ ಎಣ್ಣೆ ಹಿಡಿಯುವ ಆಟ: ಮೂರನೇ ಸಲ

ನೆಲದಡಿ ಕಲ್ಲಿನ ತೂತುಗಳಲ್ಲಿ ಪೆಟ್ರೋಲಿಯಂ ಎಣ್ಣೆ ಮೇಲಿನ ಮುಚ್ಚಳಕ್ಕೆ ಸಿಕ್ಕಿಬೀಳುವ ಬಗೆಯನ್ನು ಮನೆಯ ತೊಟ್ಟಿಯಲ್ಲಿ ಮಾಡಿ ನೋಡುವ ಆಟವಿದು. ಈ ಭಾನುವಾರ ಎಣ್ಣೆ ಕೊನೆಗೂ ಒಳಗೇ ನಿಂತಿತು. ಹಿಂದಿನ ಎರಡು ಸಲದ ಶೇಂಗಾ ಎಣ್ಣೆ ಹಾಳಾದದ್ದಕ್ಕೆ ಅಮ್ಮ ಇನ್ನೂ ಗೊಣಗುತ್ತಿದ್ದಾರೆ.

ತೊಟ್ಟಿಯ ತಳದಲ್ಲಿ ಭದ್ರಾವತಿ ಕಡೆಯ ಸುಣ್ಣಕಲ್ಲಿನ ಚೂರು, ಮೇಲೆ ಜೇಡಿಮಣ್ಣಿನ ಮುಚ್ಚಳ, ತುಂಬ ನೀರು. ಡ್ರಿಪ್ ಪೈಪಿನಲ್ಲಿ ಅರಿಶಿನ ಕಲಸಿದ ಎಣ್ಣೆಯನ್ನು ತಳಕ್ಕೆ ಬಿಡುತ್ತೇನೆ. ಮೊದಲ ಸಲ ಮಣ್ಣನ್ನು ಸಪಾಟಾಗಿ ಬಳಿದಿದ್ದೆ. ಎಣ್ಣೆ ಅದರ ಅಡಿಯಲ್ಲೇ ಹರಿದು ಗಾಜಿನ ಅಂಚಿನಿಂದ ಪರಾರಿ. ಎರಡನೇ ಸಲ ಮಣ್ಣು ಒಣಗಿ ಬಿರುಕು ಬಿಟ್ಟಿತು. ಈ ಸಲ ಹಸಿ ಮಣ್ಣನ್ನೇ ಗುಮ್ಮಟದಂತೆ ಉಬ್ಬಿಸಿ ಗಾಜಿಗೆ ಒತ್ತಿದೆ. ಉಬ್ಬಿನ ಕೆಳಗೆ ಎರಡು ಬೆರಳು ದಪ್ಪ ಹಳದಿ ಎಣ್ಣೆ! ಇನ್ನಷ್ಟು ಬಿಟ್ಟರೆ ಉಬ್ಬಿನ ಅಂಚು ಎಲ್ಲಕ್ಕಿಂತ ಮೇಲಿದ್ದ ಕಡೆಯಿಂದ ಸೋರಿತು. ಸೌದಿಯ ದೊಡ್ಡ ಎಣ್ಣೆ ನಿಕ್ಷೇಪವಾದ ಘವಾರ್‌ನಲ್ಲೂ ಇದೇ ಕತೆ. ಅಲ್ಲಿನ ಉಬ್ಬು ಸುಮಾರು 280 ಕಿ.ಮೀ. ಉದ್ದ, ಹೆಚ್ಚುಕಡಿಮೆ ಶಿವಮೊಗ್ಗದಿಂದ ಬೆಂಗಳೂರಿನಷ್ಟು. ಮುಚ್ಚಳ ಮಾತ್ರ ಜೇಡಿಯಲ್ಲ, ಜಿಪ್ಸಂ ಜಾತಿಯ ಬಿಗಿ ಕಲ್ಲು ಅನ್‌ಹೈಡ್ರೈಟ್.

ಆದರೆ ನಾನು ಸ್ವಲ್ಪ ಮೋಸ ಮಾಡಿದ್ದೇನೆ. ಎಣ್ಣೆ ಕೂತಿರುವುದು ಚೂರುಗಳ ಸಂದಿಯಲ್ಲಿ, ಕಲ್ಲಿನೊಳಗಲ್ಲ. ನಮ್ಮ ಕಡೆಯ ಸುಣ್ಣಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು, ಬೆಂದು ಅಮುಕಿ ಗಟ್ಟಿಯಾಗಿದೆ. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಮುಂಬೈ ಬಳಿಯ ಸಮುದ್ರದಡಿ ಬಾಂಬೆ ಹೈನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿದ ಸುಣ್ಣಕಲ್ಲು ಇದರ ಮುಂದೆ ಹಸುಗೂಸು. "ಹಾಗಾದ್ರೆ ನಮ್ಮ ತೋಟದಲ್ಲಿ ಬೋರ್ ಕೊರೆದರೆ ಎಣ್ಣೆ ಬರಲ್ವಾ ಮಾರಾಯ?" ಅಂತ ಪಕ್ಕದ ಮನೆಯ ಭಾವ ಕೇಳಿದರು. ನೀರು ಬಂದರೇ ಪುಣ್ಯ ಅಂದೆ.

ತೂತಿರುವ ಕಲ್ಲು ಬೇಕಲ್ಲ, ಅದಕ್ಕೆ ಕರಗಿದ ಮೇಣಕ್ಕೆ ಕಲ್ಲುಪ್ಪು ಕಲಸಿ ಅಚ್ಚು ಹೊಯ್ದೆ. ನೀರಲ್ಲಿ ನೆನೆಸಿದರೆ ಉಪ್ಪು ಕರಗಿ ತೂತು ಉಳಿಯಬೇಕು. ಸುಣ್ಣಕಲ್ಲಲ್ಲಿ ಹೂತುಹೋದ ಸಮುದ್ರಜೀವಿಗಳ ಚಿಪ್ಪು ಕರಗಿ ಗೂಡು ಉಳಿದ ಹಾಗೆ. ಎರಡು ದಿನದ ಮೇಲೆ ಕತ್ತರಿಸಿದರೆ ಹೊರಗಿನ ಉಪ್ಪು ಮಾತ್ರ ಕರಗಿತ್ತು. ನಡುವಿನ ಹರಳುಗಳು ಹಾಗೇ ಹೊಳೆಯುತ್ತಿದ್ದವು. ಒಂದಕ್ಕೊಂದು ತಾಗದ ತೂತು ಇದ್ದೂ ಇಲ್ಲದಂತೆ, ಅಲ್ವಾ? ನಿಜವಾದ ಕಲ್ಲಿನಲ್ಲಿ ನೀರು ಕೂದಲೆಳೆ ದಾರಿಯಲ್ಲೂ ನಿಧಾನಕ್ಕೆ ಜಿನುಗಿ ಚಿಪ್ಪನ್ನು ಕರಗಿಸಬಲ್ಲದು. ಆದರೆ ಆಮೇಲೆ ಅದೇ ಸಣ್ಣ ದಾರಿಯಲ್ಲಿ ಎಣ್ಣೆ ನುಗ್ಗುವುದು ಬಲು ಕಷ್ಟ. ಆಗ ಬಿರುಕುಗಳೇ ಗತಿ.

ಡಾಲಮೈಟ್ ಬಗ್ಗೆಯೂ ಓದಿದೆ. ಸುಣ್ಣಕಲ್ಲಿಗೆ ಮೆಗ್ನೀಸಿಯಂ ಸೇರಿ ಹರಳು ಬದಲಾದರೆ, ಲೆಕ್ಕದ ಪ್ರಕಾರ ಕಲ್ಲು ಸುಮಾರು 13% ಕುಗ್ಗಿ ಜಾಗ ಬಿಡಬಹುದು. ಕೆಲವು ಕಡೆ ಡಾಲಮೈಟೇ ಬಂದು ತೂತು ತುಂಬಿಬಿಡುತ್ತದಂತೆ. ಅದನ್ನು ಮೇಣದಲ್ಲಿ ತೋರಿಸುವುದು ನನ್ನಿಂದಾಗದು.

ಮುಂದಿನ ವಾರ ಉಪ್ಪನ್ನು ದುಪ್ಪಟ್ಟು ಹಾಕಿ, ಹರಳು ಹರಳಿಗೆ ತಾಗುವಂತೆ ಅಚ್ಚು ಹೊಯ್ಯಬೇಕು. ಎಣ್ಣೆ ಈ ಸಲ ನನ್ನ ದುಡ್ಡಿನದೇ.