ಕಾಲಿಮ್ನೋಸ್‌ನ ಸ್ಪಂಜು

ಗ್ರೀಸಿನ ಕೋಸ್ ದ್ವೀಪದ ಮಾಸ್ತಿಖಾರಿಯಲ್ಲಿ ದೋಣಿ ಹತ್ತಿದ ನಾವು ಒಂದು ಗಂಟೆಯೊಳಗೆ ಪಕ್ಕದ ದ್ವೀಪ ಕಾಲಿಮ್ನೋಸ್‌ನ ಪೋಥಿಯಾ ಬಂದರಿನಲ್ಲಿ ಇಳಿದೆವು. ಎದುರಿಗೆ ಬೋಳು ಬಂಡೆಗಳ ಬೆಟ್ಟ, ಅದರ ಬುಡಕ್ಕೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು. ಉಳಲು ಸಾಕಷ್ಟು ಮಣ್ಣಿಲ್ಲದ ಇಂಥ ನೆಲದ ಗಂಡಸರು ಹೊಟ್ಟೆಪಾಡಿಗಾಗಿ ಕಡಲಿನ ತಳಕ್ಕೇ ಇಳಿದದ್ದರಲ್ಲಿ ಅಚ್ಚರಿಯೇನಿಲ್ಲ. ಈಗ ಬಹಳ ಮಂದಿ ಆ ಬಂಡೆಗಳನ್ನು ಹತ್ತಲೆಂದೇ ಬರುತ್ತಾರೆ. ನಾನು ಹೋದದ್ದು ಸ್ಪಂಜಿಗಾಗಿ.

ಬಂದರಿನ ಹಿಂದಿನ ಓಣಿಯ ಕಾರ್ಖಾನೆಯಲ್ಲಿ ಹಿರಿಯರೊಬ್ಬರು ಮೊದಲು ನನ್ನ ಕೈಗಿತ್ತದ್ದು, ಕಡಲಿನಿಂದ ತೆಗೆದ ಹಾಗೆಯೇ ಒಣಗಿಸಿಟ್ಟಿದ್ದ ಒಂದು ಕರಿಯ ಮುದ್ದೆಯನ್ನು. ಸ್ಪಂಜು ಗಿಡವಲ್ಲ, ಪ್ರಾಣಿ. ಅದನ್ನು ಕಾಲಿನಿಂದ ತುಳಿದು, ಒಳಗಿನ ಹಾಲಿನಂಥ ರಸವನ್ನು ಹಿಂಡಿ, ಕರಿಯ ಸಿಪ್ಪೆಯನ್ನು ಕಳಚಿ ತೊಳೆದ ಮೇಲೆ ಉಳಿಯುವ ಅಸ್ಥಿಪಂಜರದಿಂದಲೇ ನಾವು ಮೈ ಉಜ್ಜಿಕೊಳ್ಳುತ್ತೇವೆ. ಬ್ಯಾಂಕಿನ ಕೌಂಟರಿನಲ್ಲಿ ನೋಟೆಣಿಸುವವರು ಬೆರಳು ಒದ್ದೆ ಮಾಡಿಕೊಳ್ಳುವ ತುಂಡನ್ನೇ ಸ್ಪಂಜೆಂದು ತಿಳಿದು ಬೆಳೆದ ನನ್ನ ಕೈ ಒಂದು ಕ್ಷಣ ಹಿಂದೆ ಸರಿಯಿತು.

ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಹಳೆಯ ಕಾಲದ ಮುಳುಗುಗಾರನ ಮುಖ್ಯ ಸಲಕರಣೆಯಾದ ಈ ಸ್ಕಾಂಡಲೋಪೆತ್ರಾ ಸುಮಾರು 12ರಿಂದ 15 ಕಿಲೋ ತೂಗುತ್ತದೆ. ನುಣುಪಾದ ಅಂಚು, ಒಂದು ತುದಿಯಲ್ಲಿ ಹಗ್ಗ ಪೋಣಿಸುವ ತೂತು. ಅದನ್ನು ಮುಂದಕ್ಕೆ ಚಾಚಿ ತಲೆಕೆಳಗಾಗಿ ಇಳಿಯುವವನು ಕಲ್ಲನ್ನೇ ಚುಕ್ಕಾಣಿಯಂತೆ ಓರೆ ಮಾಡಿ ದಿಕ್ಕು ಹಿಡಿಯುತ್ತಿದ್ದ. ಉಸಿರು ತೀರುತ್ತ ಬಂದಾಗ ಹಗ್ಗ ಜಗ್ಗಿದರೆ ಮೇಲಿದ್ದವರು ಎಳೆದುಕೊಳ್ಳುತ್ತಿದ್ದರು. 1860ರ ದಶಕದಲ್ಲಿ ಲೋಹದ ಶಿರಸ್ತ್ರಾಣದ ಉಡುಪು, ಗಾಳಿಯ ಪಂಪು ಬಂದವು. ಆಳದಲ್ಲಿ ಹೆಚ್ಚು ಹೊತ್ತು ಇರಬಹುದಾಯಿತು, ಸ್ಪಂಜೂ ಹೆಚ್ಚು ಸಿಕ್ಕಿತು. ಆದರೆ ಬೇಗನೆ ಮೇಲೆ ಬಂದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ನರಗಳನ್ನು ಕೆಡಿಸುತ್ತದೆಂದು ಆ ಬಡಪಾಯಿಗಳಿಗೆ ಯಾರು ಹೇಳಬೇಕು? ಈಸ್ಟರ್ ಕಳೆದ ಮೇಲೆ ಉತ್ತರ ಆಫ್ರಿಕದ ಕರಾವಳಿಗೆ ಹೊರಟ ದೋಣಿಗಳು, ಸತ್ತವರನ್ನು ಅಲ್ಲೇ ಹೂಳಿ, ಕಾಲಿನ ಸ್ವಾಧೀನ ತಪ್ಪಿದವರನ್ನು ಹೊತ್ತು ಮರಳುತ್ತಿದ್ದವು.

ಅಂಥವರನ್ನೇ ಕುರಿತ ಕುಣಿತವೊಂದು ಇಲ್ಲಿದೆ, ಹೆಸರು ಮಿಖಾನಿಕೋಸ್. ಸಾಲಿನ ಮುಂದಾಳು ಕೋಲೂರಿ ನಡುಗುತ್ತಾನಂತೆ. ಮಾತಿನಲ್ಲಿ ಹೇಳಿದ್ದು ಸಾಲದೆಂದು ಹಿರಿಯರು ಕತ್ತರಿಯನ್ನು ಪಕ್ಕಕ್ಕಿಟ್ಟು, ಪೊರಕೆಯ ಹಿಡಿಯನ್ನೇ ಕೋಲಾಗಿಸಿಕೊಂಡು ಎರಡು ಹೆಜ್ಜೆ ಹಾಕಿದರು. ಎಡ ಮೊಣಕಾಲು ತಾಳ ತಪ್ಪಿ ಅದುರಿತು; ಅದನ್ನು ಅಂಗೈಯಿಂದ ಒತ್ತಿ ನಿಲ್ಲಿಸಲು ನೋಡಿದರು, ಅದು ನಿಲ್ಲಲಿಲ್ಲ. ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದೆ.

ಆಮೇಲೆ ಅವರು ಪೊರಕೆಯನ್ನು ಗೋಡೆಗೊರಗಿಸಿ, ಸ್ಪಂಜಿನ ಅಂಚನ್ನು ಕತ್ತರಿಸುತ್ತ, ಯಾವ ಅಳತೆಯದು ಬೇಕೆಂದು ಕೇಳಿದರು.