ಅಪ್ಪನ ಕೈಯ ಮಸಿ

ಹೊಸ ಕಾರಿನ ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ, ಆಗಲೇ ಪಕ್ಕದ ಮನೆ ಕಾರಿನ ಸನ್‌ರೂಫ್ ನನ್ನ ಕಣ್ಣಿಗೆ ಬೀಳತೊಡಗಿತ್ತು. ಕಂತು ಐದು ವರ್ಷ. ಖುಷಿ ಮೊದಲ ಕಂತಿಗೇ ಮುಗಿಯಿತು. ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1971ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಏನೇ ಹೊಸದು ಬಂದರೂ ಮನಸ್ಸು ಬೇಗ ಒಗ್ಗಿಕೊಳ್ಳುತ್ತದೆ, ಆಮೇಲೆ ಮತ್ತೊಂದು ಬೇಕು ಅನ್ನುತ್ತದೆ. ಷೋರೂಮಿನಲ್ಲಿ ಇದನ್ನೆಲ್ಲ ಯಾರೂ ಹೇಳಲ್ಲ ಬಿಡಿ.

ಅಪ್ಪನಾದರೂ ಖುಷಿಪಡಲಿ ಅಂತ ಜುಲೈನ ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕರೆದುಕೊಂಡು ಹೊರಟೆ. ಏಸಿ ಹಾಕಿದೆ. "ಕಿಟಕಿ ಇಳಿಸೋ" ಅಂದರು. ಕಾರಿನ ಬಗ್ಗೆ ಅವರು ಹೇಳಿದ್ದು ಅಷ್ಟೇ.

ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ಎದುರಿಗೆ ಸಾಲಾಗಿ ಹಳೇ ಬೈಕುಗಳು ಬಂದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಆಚರಿಸುತ್ತಾರಲ್ಲ, ಅದು. ಅಪ್ಪ ತಟ್ಟನೆ ನೆಟ್ಟಗೆ ಕೂತರು.

ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. 1996ರಲ್ಲಿ ಅದು ಮುಚ್ಚುವವರೆಗೂ ಅಲ್ಲೇ ಇದ್ದರು. ಆದರೆ ತಮಗೆ ಅಂತ ಒಂದು ಬೈಕೂ ಕೊಳ್ಳಲಿಲ್ಲ. ಊರಿಗೆಲ್ಲ ಬೈಕ್ ಮಾಡಿಕೊಟ್ಟು ತಾವು ಮನೆಗೆ ಸೈಕಲ್ಲಿನಲ್ಲೇ ಬರುತ್ತಿದ್ದರು.

ರಸ್ತೆ ಪಕ್ಕ ಒಬ್ಬ ಹುಡುಗ ಯೆಜ್ಡಿಯನ್ನು ಒದ್ದೂ ಒದ್ದೂ ಬೆವರುತ್ತಿದ್ದ. "ನಿಲ್ಲಿಸು" ಅಂದರು ಅಪ್ಪ. ನಾನು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಇಳಿದೇ ಬಿಟ್ಟಿದ್ದರು.

"ಪ್ಲಗ್ ಬಿಚ್ಚಪ್ಪ."

ಬಿಚ್ಚಿದ. ಕಪ್ಪಗೆ ಒದ್ದೆಯಾಗಿತ್ತು.

"ಆಯಿಲ್ ಜಾಸ್ತಿ ಬೆರೆಸಿದ್ದೀಯ."

ಟೂ-ಸ್ಟ್ರೋಕ್ ಎಂಜಿನ್ ಅದು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು, ಅಳತೆ ಮೀರಿದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಅಪ್ಪ ಉಜ್ಜಿ, ಒರೆಸಿ, ಮತ್ತೆ ಕೂರಿಸಿದರು. ಈ ಬೈಕಿನಲ್ಲಿ ಗೇರ್ ಹಾಕುವುದಕ್ಕೂ ಕಿಕ್ ಹೊಡೆಯುವುದಕ್ಕೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿ ಅವರು ಒದ್ದ ರೀತಿ ನೋಡಬೇಕಿತ್ತು! ಮಂಡಿನೋವು ಅಂತ ಮನೆ ಮೆಟ್ಟಿಲು ಹತ್ತಲು ಗೊಣಗುವ ಮನುಷ್ಯ. ಎರಡೂ ಸೈಲೆನ್ಸರಿನಿಂದ ಹೊಗೆ ಬಂತು, ಆ ಹಳೇ ಡುಗುಡುಗು ಶುರುವಾಯಿತು.

ಹುಡುಗರು ಸುತ್ತುವರಿದರು. "ಫ್ಯಾಕ್ಟರಿಲೇ ಇದ್ರಾ ಸಾರ್?" ಅಂತ ಒಬ್ಬ, ಕಾರ್ಬ್ಯುರೇಟರ್ ತೋರಿಸಲು ಇನ್ನೊಬ್ಬ. ಅಪ್ಪ ಒಂದೊಂದು ಗಾಡಿಯ ಪಕ್ಕ ಬಗ್ಗಿ ಕಿವಿ ಕೊಟ್ಟು ಕೇಳಿದರು, ಬೈದರು, ನಕ್ಕರು. ತಿಂಡಿ ಹೊತ್ತು ಮೀರಿತು. ನಾನು ಸುಮ್ನೆ ನಿಂತಿದ್ದೆ. ನನ್ನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ ಮಾತ್ರ. ಅಲ್ಲಿ ನನ್ನ ಕೈಗೆ ಕೆಲಸವೇ ಇಲ್ಲ.

ವಾಪಸ್ ಬರುವಾಗ ತಡೆಯಲಾಗದೆ ಕೇಳಿದೆ, "ಒಂದು ತಗೊಳ್ಳೋಣ್ವಾ ಅಪ್ಪ? ಹಳೇದು ಸಿಗುತ್ತೆ."

"ನಂಗ್ಯಾಕೋ ಗಾಡಿ? ಆ ಹುಡುಗಂದು ಮುಂದಿನ ವಾರ ಮತ್ತೆ ನಿಲ್ಲುತ್ತೆ ನೋಡ್ತಿರು. ನಂಬರ್ ಕೊಟ್ಟಿದ್ದೀನಿ."